ಹಟ್ಟಿಯ ಆಳದಿಂದ ಮನೆಯ ಮಾಳಿಗೆಗೆ: ಮೆಟ್ಟಿಲಿನ ಚರಿತ್ರೆ



ಇಂದು ಬೆಳಗಿನಿಂದ ನೀವು ಎಷ್ಟು ಮೆಟ್ಟಿಲು ಹತ್ತಿದಿರಿ? ಲೆಕ್ಕ ಇಟ್ಟಿರಲಾರಿರಿ. ಮನೆ, ಶಾಲೆ, ಬಸ್ಸು, ಗುಡಿ ಎಲ್ಲೆಡೆಯೂ ಮೆಟ್ಟಿಲು ಇದೆ. ಆದರೆ ಅದನ್ನು ನಾವು ನೋಡುವುದು ಎಡವಿದಾಗ ಮಾತ್ರ. ಈ ಸಾಮಾನ್ಯ ವಸ್ತುವಿಗೂ ಒಂದು ಚರಿತ್ರೆ ಇದೆ, ಒಂದು ಗಣಿತ ಇದೆ. ಆ ಚರಿತ್ರೆಯನ್ನು ಅರಿಯಲು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಗಿಂತ ಒಳ್ಳೆಯ ಜಾಗ ಇನ್ನೊಂದಿರಲಾರದು. ಏಕೆಂದರೆ ಅಲ್ಲಿನ ಜನ ಎರಡು ಸಾವಿರ ವರ್ಷಗಳಿಂದ ಭೂಮಿಯೊಳಕ್ಕೆ ಇಳಿಯುತ್ತಿದ್ದಾರೆ, ಹತ್ತುತ್ತಿದ್ದಾರೆ.

ಮೊದಲು ಒಂದು ಮನೆಯ ಕತೆ ಹೇಳುತ್ತೇನೆ. ನನ್ನ ಸೋದರಮಾವ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ ಮಾಡಿ ನಿವೃತ್ತರಾದವರು. ಕಂಪನಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಇಪ್ಪತ್ತು ಅಡಿಗೆ ಮೂವತ್ತು ಅಡಿಯ ನಿವೇಶನವೊಂದರಲ್ಲಿ ತಾವೇ ಮುಂದೆ ನಿಂತು ಮನೆ ಕಟ್ಟಿಸಿದರು. ಕೆಳಗೆ ಎರಡು ಕೋಣೆ, ಮೇಲೆ ಒಂದು ಕೋಣೆ. ಗೃಹಪ್ರವೇಶವಾಗಿ ಆರು ತಿಂಗಳು ಕಳೆದಿರಲಿಲ್ಲ. ಒಂದು ಸಂಜೆ ನೀರಿನ ಕೊಡ ಹಿಡಿದು ಮೇಲೆ ಹೋಗುವಾಗ ಕೊನೆಯ ಮೆಟ್ಟಿಲಿಗೆ ಹೆಬ್ಬೆರಳು ತಗುಲಿ ಮುಗ್ಗರಿಸಿ ಬಿದ್ದರು. ಮುಂಗೈ ಮೂಳೆ ಮುರಿಯಿತು. ನಾನು ನೋಡಲು ಹೋದಾಗ ಅವರು ಹೇಳಿದ ಮಾತು ಇದು: “ಮೂವತ್ತು ವರ್ಷ ಗಣಿಯಾಗ ಏಣಿ ಹತ್ತೀನಿ, ಇಳಿದೀನಿ. ಒಂದಿನಾನೂ ಕಾಲು ಜಾರಿಲ್ಲ. ನನ್ನ ಸ್ವಂತ ಮನಿ ಪಾವಟಿಗಿ ಮ್ಯಾಲ ಬಿದ್ದೆ ನೋಡು.”

ಹೀಗೇಕಾಯಿತು? ಕತ್ತಲೆಯ ಗಣಿಯಲ್ಲಿ ಬೀಳದ ಮನುಷ್ಯ ಬೆಳಕಿರುವ ಮನೆಯಲ್ಲಿ ಏಕೆ ಬಿದ್ದ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನೊಡನೆ ಬನ್ನಿ.

ಎರಡು ಸಾವಿರ ವರ್ಷದ ಇಳಿತ

ಹಟ್ಟಿಯಲ್ಲಿ ಚಿನ್ನ ತೆಗೆಯುವ ಕೆಲಸ ಬಹಳ ಹಳೆಯದು. ಪ್ರಾಚೀನರು ತೋಡಿದ ಗಣಿಗಳಲ್ಲಿ ಸಿಕ್ಕಿದ ಮರದ ತುಂಡುಗಳನ್ನು ಇಂಗಾಲ-14 ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ತಿಳಿದುಬಂತು. ಆ ಕಾಲದ ಜನರು ಸುಮಾರು 640 ಅಡಿ, ಎಂದರೆ 195 ಮೀಟರ್ ಆಳದವರೆಗೆ ಹೋಗಿದ್ದರು. ಸಿಡಿಮದ್ದು ಇರಲಿಲ್ಲ. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಡಿಸಿ, ಒಡೆದು ತೆಗೆಯುತ್ತಿದ್ದರು. ಹಾಗೆ ತೆಗೆದ ಅದಿರನ್ನು ಮೇಲೆ ತಂದು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು. ಕುಟ್ಟಿ ಕುಟ್ಟಿ ಬಂಡೆಯಲ್ಲಾದ ಕುಳಿಗಳು ಆ ಸೀಮೆಯಲ್ಲಿ ಇಂದಿಗೂ ಕಾಣಸಿಗುತ್ತವೆ. ಹತ್ತಿರದ ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರುಳ್ಳ ಪ್ರಸಿದ್ಧ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನಕ್ಕೂ ಚರಿತ್ರೆಗೂ ಈ ನೆಲದಲ್ಲಿ ಅಷ್ಟು ನಂಟು.

ಈಗ ಒಂದು ಸಣ್ಣ ಲೆಕ್ಕ. 640 ಅಡಿಯನ್ನು ಏಳೂವರೆ ಅಂಗುಲದ ಮೆಟ್ಟಿಲುಗಳಲ್ಲಿ ಹತ್ತಬೇಕಾದರೆ 1,024 ಮೆಟ್ಟಿಲು ಬೇಕು. 50 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿ 10 ಕಿಲೋಗ್ರಾಂ ಅದಿರು ಹೊತ್ತು ಅಷ್ಟು ಎತ್ತರ ಏರಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ 60 × 9.8 × 195, ಎಂದರೆ ಸುಮಾರು 1 ಲಕ್ಷ 15 ಸಾವಿರ ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಆದ್ದರಿಂದ ಒಂದು ಸಲ ಮೇಲೆ ಬರಲು ಸುಮಾರು 110 ಕಿಲೋ ಕ್ಯಾಲರಿ ಬೇಕು. ಹೆಚ್ಚುಕಡಿಮೆ ಒಂದು ಜೋಳದ ರೊಟ್ಟಿಯ ಶಕ್ತಿ! ಹತ್ತುವ ದಾರಿ ಕೆಟ್ಟದಾಗಿದ್ದರೆ ಇನ್ನೂ ಹೆಚ್ಚು. ಗಣಿಯಲ್ಲಿ ಮೆಟ್ಟಿಲು ಎಂದರೆ ಬರೀ ಅನುಕೂಲವಲ್ಲ, ಹೊಟ್ಟೆಯ ಪ್ರಶ್ನೆ.

ಗಣಿಗಾರರು ಬಹಳ ಹಿಂದಿನಿಂದಲೂ ಮೆಟ್ಟಿಲುಗಾರರೂ ಹೌದು. ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ಉಪ್ಪಿನ ಗಣಿಯೊಂದಿದೆ. 2003ರಲ್ಲಿ ಅದರೊಳಗೆ ಒಂದು ಮರದ ಮೆಟ್ಟಿಲುಸಾಲು ಸಿಕ್ಕಿತು. ಉಪ್ಪಿನಲ್ಲಿ ಹೂತಿದ್ದರಿಂದ ಅದು ಕೊಳೆತಿರಲಿಲ್ಲ. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ, ಅದು ಕ್ರಿಸ್ತಪೂರ್ವ 1344ರ ಸುಮಾರಿನದು ಎಂದು ವಿಜ್ಞಾನಿಗಳು ನಿರ್ಧರಿಸಿದರು. ಅದರ ವಿಶೇಷವೇನು ಗೊತ್ತೆ? ಗಣಿಯ ಇಳಿಜಾರು ಬದಲಾದಂತೆ ಮೆಟ್ಟಿಲ ಹಲಗೆಗಳ ಓರೆಯನ್ನೂ ಹೊಂದಿಸಿಕೊಳ್ಳಬಹುದಾಗಿತ್ತು. ಹಲಗೆ ಸಮತಟ್ಟಾಗಿರಬೇಕು, ಕಾಲಿಗೆ ಪೂರ್ತಿ ಆಸರೆ ಸಿಗಬೇಕು ಎಂಬ ಅರಿವು ಮೂರು ಸಾವಿರ ವರ್ಷಗಳ ಹಿಂದೆಯೇ ಇತ್ತು.

ಹಟ್ಟಿಯ ಮುಂದಿನ ಕತೆ ನಿಮಗೆ ತಿಳಿದಿರಬಹುದು. ನಿಜಾಮರ ಆಳ್ವಿಕೆಯಲ್ಲಿ, 20ನೇ ಶತಮಾನದ ಆರಂಭದಲ್ಲಿ, ಹಳೆಯ ಗಣಿಯನ್ನು ಮತ್ತೆ ತೆರೆದರು. 1920ರ ಹೊತ್ತಿಗೆ ಅದು ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಈಗ ಕಾರ್ಮಿಕರು ಉಕ್ಕಿನ ಪಂಜರದಂಥ ‘ಕೇಜ್’ನಲ್ಲಿ ಇಳಿಯುತ್ತಾರೆ. ಆದರೂ ಏಣಿ ಹೋಗಿಲ್ಲ. ಗಣಿಗೆ ಹೊರಬರುವ ದಾರಿ ಎರಡಿರಬೇಕು ಎಂಬುದು ಕಾನೂನು. ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಹೋಗಲು ಏಣಿಯೂ ಬೇಕು. ಆ ಏಣಿಗಳ ನಡುನಡುವೆ ನಿಲ್ಲಲು ಅಟ್ಟಣಿಗೆ ಇರುತ್ತದೆ. ಕೈ ಜಾರಿದವನು ತಳ ಸೇರದೆ ಅಟ್ಟಣಿಗೆಯ ಮೇಲೆ ಉಳಿಯಲಿ ಎಂಬುದು ಅದರ ಉದ್ದೇಶ.

ಮಾಳಿಗೆ ಮನೆಯ ನಿಚ್ಚಣಿಕೆ

ಗಣಿಯಿಂದ ಊರಿಗೆ ಬರೋಣ. ನಮ್ಮ ಕಡೆಯ ಹಳೆಯ ಮನೆಗಳನ್ನು ನೀವು ನೋಡಿರುತ್ತೀರಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಸವಳು ಮಣ್ಣು ಹರಡಿದ ಮಾಳಿಗೆ. ಮಾಳಿಗೆಯ ಮೇಲೆ ಜೋಳ, ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗುತ್ತವೆ. ಬೇಸಿಗೆಯಲ್ಲಿ ಮನೆಯವರೆಲ್ಲ ಅಲ್ಲೇ ಮಲಗುತ್ತಾರೆ. ಹತ್ತಲು ಬಿದಿರಿನ ಅಥವಾ ಮರದ ನಿಚ್ಚಣಿಕೆ. ಅನುಕೂಲಸ್ಥರ ಮನೆಯಾದರೆ ಗೋಡೆಯ ದಪ್ಪದಲ್ಲೇ ಅಡಗಿಸಿದ ಕಲ್ಲಿನ ಪಾವಟಿಗೆ. ಜಾಗ ಉಳಿಸುವ ಬುದ್ಧಿ ನಮ್ಮ ಹಿರಿಯರಿಗೆ ಹೊಸದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ವಿಜಾಪುರದ ಗೋಲ್ ಗುಂಬಜ್ ನೋಡಿದವರಿಗೆ ಈ ಜಾಣ್ಮೆಯ ದೊಡ್ಡ ರೂಪ ಗೊತ್ತು. 1656ರ ಸುಮಾರಿಗೆ ಮುಗಿದ ಆ ಕಟ್ಟಡದ ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳಿವೆ. ಮೇಲಿನ ಪಿಸುಮಾತಿನ ಮೊಗಸಾಲೆಗೆ ಹೋಗುವ ಕಿರಿದಾದ ಮೆಟ್ಟಿಲುಗಳು ಈ ಗೋಪುರಗಳೊಳಗೆ ಸುತ್ತಿಕೊಂಡಿವೆ. ಕೆಳಗಿನ ವಿಶಾಲ ಹಜಾರಕ್ಕೆ ಈ ಮೆಟ್ಟಿಲುಗಳು ಅಡ್ಡ ಬರುವುದಿಲ್ಲ. ಆದರೆ ಹತ್ತುವಾಗ ಮೊಣಕಾಲು ನೋಯುವುದೂ ನಿಜ. ಲಕ್ಕುಂಡಿಯ ಮುಸುಕಿನ ಬಾವಿ, ಹಂಪಿಯ ಪುಷ್ಕರಣಿ ಇವೆಲ್ಲ ಇಳಿಯುವ ಮೆಟ್ಟಿಲಿನ ಸೊಬಗು ತೋರುತ್ತವೆ. ಅಲ್ಲಿ ಜಾಗಕ್ಕೆ ಕೊರತೆ ಇರಲಿಲ್ಲ. ಇಪ್ಪತ್ತು ಅಡಿ ಅಗಲದ ನಿವೇಶನದವನಿಗೆ ಆ ಭಾಗ್ಯವಿಲ್ಲ.

ಬ್ಲೋಂಡೆಲ್ ಕಂಡುಕೊಂಡ ಸೂತ್ರ

ಮೆಟ್ಟಿಲಿಗೆ ಎರಡು ಅಳತೆ. ಪಾದ ಎಷ್ಟು ಎತ್ತರಕ್ಕೆ ಏಳಬೇಕು ಎಂಬುದು ಒಂದು. ಅದನ್ನು ‘ಏರು’ ಎನ್ನೋಣ. ಪಾದ ಊರಲು ಎಷ್ಟು ಅಗಲ ಸಿಗುತ್ತದೆ ಎಂಬುದು ಇನ್ನೊಂದು, ಅದು ‘ಹಾಸು’. ಮೇಸ್ತ್ರಿಗಳು ರೈಸರ್, ಟ್ರೆಡ್ ಎನ್ನುತ್ತಾರೆ.

ಇವೆರಡರ ಸಂಬಂಧವೇನು? ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಒಂದು ಉತ್ತರ ಕೊಟ್ಟ. ನೀವು ಶಾಲೆಯಲ್ಲಿ ಕಲಿತ 3, 4, 5ರ ಲಂಬಕೋನ ತ್ರಿಭುಜವನ್ನು ನೆನಪಿಸಿಕೊಳ್ಳಿ. ಮೆಟ್ಟಿಲಿನ ಒಟ್ಟು ಎತ್ತರ 3 ಪಾಲಾದರೆ ನೆಲದ ಮೇಲಿನ ಉದ್ದ 4 ಪಾಲು, ಓರೆಯ ಉದ್ದ 5 ಪಾಲು ಇರಲಿ ಎಂದ. ಹಟ್ಟಿಯಲ್ಲಿ ಬಂಡೆಗೆ ಬೆಂಕಿ ಹಾಕುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ!

ಬಳಿಕ 17ನೇ ಶತಮಾನದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಬ್ಲೋಂಡೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಆತ ವಾಸ್ತುಶಿಲ್ಪಿ, ಗಣಿತವನ್ನೂ ಬಲ್ಲವ. 1675ರಿಂದ ಪ್ರಕಟವಾದ ಅವನ ಪಾಠಗಳಲ್ಲಿ ಈ ಸೂತ್ರವಿದೆ: ಏರಿನ ಎರಡರಷ್ಟಕ್ಕೆ ಹಾಸನ್ನು ಕೂಡಿದರೆ 24 ಫ್ರೆಂಚ್ ಅಂಗುಲ, ಎಂದರೆ ಸುಮಾರು 65 ಸೆಂಟಿಮೀಟರ್ ಬರಬೇಕು. ಅದರ ಹಿಂದಿನ ತರ್ಕ ಸರಳ. ಸಮನೆಲದಲ್ಲಿ ನಮ್ಮ ಒಂದು ಹೆಜ್ಜೆ ಸುಮಾರು 24 ಅಂಗುಲ. ಮೇಲೇರುವುದು ಮುಂದೆ ಹೋಗುವುದಕ್ಕಿಂತ ಎರಡರಷ್ಟು ಕಷ್ಟ. ಆದ್ದರಿಂದ ಒಂದು ಅಂಗುಲ ಏರಿದರೆ ಎರಡು ಅಂಗುಲ ಮುನ್ನಡೆಯನ್ನು ಬಿಡಬೇಕು.

ಈ ಸೂತ್ರದ ಸೊಗಸನ್ನು ನೀವೇ ಪರೀಕ್ಷಿಸಿ. ಏರು ಸೊನ್ನೆ ಎಂದಿಟ್ಟರೆ ಹಾಸು 24 ಅಂಗುಲ; ಅದು ಸಮನೆಲದ ನಡಿಗೆ. ಹಾಸು ಸೊನ್ನೆ ಎಂದಿಟ್ಟರೆ ಏರು 12 ಅಂಗುಲ, ಅದು ಏಣಿ! ಏಣಿಯ ಕೋಲುಗಳ ನಡುವೆ ಸುಮಾರು ಒಂದು ಅಡಿ ಅಂತರವಿರುವುದನ್ನು ನೀವು ಕಂಡಿದ್ದೀರಿ. ನಡಿಗೆ, ಮೆಟ್ಟಿಲು, ಏಣಿ ಮೂರೂ ಒಂದೇ ಸರಳರೇಖೆಯ ಮೇಲಿವೆ. ನನ್ನ ಸೋದರಮಾವ ಗಣಿಯಲ್ಲಿ ಹತ್ತಿದ್ದು ಆ ರೇಖೆಯ ಒಂದು ತುದಿ, ಮನೆಯಲ್ಲಿ ಹತ್ತಿದ್ದು ಅದರ ನಡುಭಾಗ.

ನಿಯಮ ಏನು ಹೇಳುತ್ತದೆ?

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಅದನ್ನು ಪರಿಷ್ಕರಿಸಿದರು. ಸ್ಥಳೀಯ ಸಂಸ್ಥೆಗಳು ತಮ್ಮ ಕಟ್ಟಡ ನಿಯಮಗಳಲ್ಲಿ ಅದನ್ನು ಅಳವಡಿಸಿಕೊಂಡಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. ವಾಸದ ಮನೆಯ ಮೆಟ್ಟಿಲಿಗೆ ಅದು ಹೇಳುವ ಮುಖ್ಯ ಮಾತುಗಳು ಕೆಲವೇ. ಏರು 190 ಮಿಲಿಮೀಟರಿಗೆ ಮೀರಬಾರದು. ಹಾಸು 250 ಮಿಲಿಮೀಟರಿಗೆ ಕಡಿಮೆ ಇರಬಾರದು. ಮೆಟ್ಟಿಲಿನ ಅಗಲ ಕನಿಷ್ಠ ಒಂದು ಮೀಟರ್. ಎರಡು ಅಂತಸ್ತಿನ ಸಾಲುಮನೆಗಳಿಗೆ ಮುಕ್ಕಾಲು ಮೀಟರಿನ ರಿಯಾಯಿತಿ ಉಂಟು. ಮೆಟ್ಟಿಲಿನ ಕೆಳಗೆ ನಡೆದಾಡುವ ದಾರಿ ಇದ್ದರೆ ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು. ಕೈಹಿಡಿ ಸುಮಾರು ಒಂದು ಮೀಟರ್ ಎತ್ತರದಲ್ಲಿರಬೇಕು. ಒಂದೇ ಓಟದಲ್ಲಿ ಹೆಚ್ಚು ಮೆಟ್ಟಿಲು ಬೇಡ, ನಡುವೆ ನಿಲ್ಲಲು ಲ್ಯಾಂಡಿಂಗ್ ಬೇಕು. ಗಣಿಯ ಏಣಿಯ ಅಟ್ಟಣಿಗೆ ನೆನಪಾಯಿತೆ? ಅದೇ ವಿವೇಕ ಇಲ್ಲಿಯೂ ಇದೆ.

ಈಗ ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಒಂದು ಮೆಟ್ಟಿಲು ಹಾಕೋಣ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 3,000 ಮಿಲಿಮೀಟರ್, ಎಂದರೆ ಸುಮಾರು ಹತ್ತು ಅಡಿ ಎಂದಿಟ್ಟುಕೊಳ್ಳಿ. ಅದನ್ನು 190ರಿಂದ ಭಾಗಿಸಿದರೆ 15.8 ಬರುತ್ತದೆ. ಮೆಟ್ಟಿಲಿಗೆ ಭಿನ್ನರಾಶಿ ಇಲ್ಲ. 16 ಏರು ಬೇಕು. ಒಂದೊಂದು ಏರು 187.5 ಮಿಲಿಮೀಟರ್, ಸುಮಾರು ಏಳೂವರೆ ಅಂಗುಲ. ಹಾಸು 250, ಸುಮಾರು ಹತ್ತು ಅಂಗುಲ. ಬ್ಲೋಂಡೆಲ್ ಪರೀಕ್ಷೆ ಮಾಡಿದರೆ 375 ಕೂಡಿಸು 250, ಒಟ್ಟು 625. ಇಂದು ಎಂಜಿನಿಯರುಗಳು ಸಾಮಾನ್ಯವಾಗಿ 600ರಿಂದ 640ರ ಒಳಗಿರಲಿ ಎನ್ನುತ್ತಾರೆ. ನಾವು ಪಾಸಾದೆವು.

ಇನ್ನೊಂದು ಅಚ್ಚರಿ ಗಮನಿಸಿ. 187.5ನ್ನು 250ರಿಂದ ಭಾಗಿಸಿದರೆ ಎಷ್ಟು? 0.75, ಎಂದರೆ ಮೂರಕ್ಕೆ ನಾಲ್ಕು! ವಿಟ್ರೂವಿಯಸ್ ಹೇಳಿದ 3, 4, 5ರ ತ್ರಿಭುಜವೇ ನಮ್ಮ ಸಂಹಿತೆಯ ಅಂಚಿನಲ್ಲಿ ನಿಂತಿದೆ. ಕಾಲ ಬದಲಾದರೂ ಮನುಷ್ಯನ ಮೊಣಕಾಲು ಬದಲಾಗಿಲ್ಲ.

ಜಾಗ ಎಷ್ಟು ಬೇಕು? ಮೆಟ್ಟಿಲನ್ನು ಮಧ್ಯದಲ್ಲಿ ಮಡಚಿ, ಎಂಟು ಏರು ಒಂದು ಕಡೆ, ಎಂಟು ಏರು ಇನ್ನೊಂದು ಕಡೆ ಮಾಡೋಣ. ಎಂಟು ಏರಿಗೆ ಏಳು ಹಾಸು, ಅದರ ಉದ್ದ 1,750 ಮಿಲಿಮೀಟರ್. ಲ್ಯಾಂಡಿಂಗ್ ಒಂದು ಮೀಟರ್. ಒಟ್ಟು ಉದ್ದ 2.75 ಮೀಟರ್. ಒಂದೊಂದು ಮೀಟರಿನ ಎರಡು ಸಾಲು, ನಡುವೆ ಹತ್ತು ಸೆಂಟಿಮೀಟರ್ ಸಂದು, ಒಟ್ಟು ಅಗಲ 2.1 ಮೀಟರ್. ಗುಣಿಸಿದರೆ ಸುಮಾರು 62 ಚದರ ಅಡಿ. 600 ಚದರ ಅಡಿಯ ನಿವೇಶನದಲ್ಲಿ ಹತ್ತರಲ್ಲೊಂದು ಪಾಲು. ಅಗಲವನ್ನು ಮುಕ್ಕಾಲು ಮೀಟರಿಗೆ ಇಳಿಸಬಹುದಾದಲ್ಲಿ ಇದು ಸುಮಾರು 43 ಚದರ ಅಡಿಗೆ ಬರುತ್ತದೆ. ಮೆಟ್ಟಿಲ ಸಂಖ್ಯೆ ಬೆಸ ಇರಬೇಕು ಎನ್ನುವ ಮನೆಯ ಹಿರಿಯರಿಗೂ ಇದು ಒಪ್ಪಿಗೆಯಾದೀತು. 16 ಏರುಗಳ ನಡುವೆ ಪಾದ ಊರುವ ಜಾಗ ಏಳು, ಒಂದು, ಏಳು, ಒಟ್ಟು 15!

“ಇಷ್ಟು ಜಾಗ ಎಲ್ಲಿಂದ ತರೋದು? ಮೆಟ್ಟಿಲು ಸ್ವಲ್ಪ ಕಡಿದು ಮಾಡಿದರಾಯಿತು” ಎಂಬ ಮಾತು ಎಲ್ಲ ಮನೆ ಕಟ್ಟುವಲ್ಲಿಯೂ ಬರುತ್ತದೆ. ಒಂಬತ್ತು ಅಂಗುಲ ಏರು, ಎಂಟು ಅಂಗುಲ ಹಾಸು ಹಾಕಿ 13 ಏರಿನಲ್ಲಿ ಮುಗಿಸುತ್ತಾರೆ. ಆಗ ಉಳಿಯುವುದೆಷ್ಟು? ಉದ್ದದಲ್ಲಿ 55 ಸೆಂಟಿಮೀಟರ್, ಎರಡು ಅಡಿಯೂ ಇಲ್ಲ. ಕೊಡುವ ಬೆಲೆಯೇನು? 37 ಡಿಗ್ರಿಯ ಇಳಿಜಾರು 49 ಡಿಗ್ರಿಯಾಗುತ್ತದೆ. ಇಳಿಯುವಾಗ ಹಿಮ್ಮಡಿ ಮಾತ್ರ ಮೆಟ್ಟಿಲ ಮೇಲೆ, ಬೆರಳು ಗಾಳಿಯಲ್ಲಿ. ಮನೆಯ ಅಜ್ಜಿ ಮಾಳಿಗೆ ಹತ್ತುವುದನ್ನೇ ಬಿಡುತ್ತಾಳೆ. ಆ ಎರಡು ಅಡಿಗಾಗಿ ಮೇಲಿನ ಇಡೀ ಮಹಡಿ ಅವಳ ಪಾಲಿಗೆ ಇಲ್ಲವಾಗುತ್ತದೆ.

ಹಾಗಾದರೆ ಅವರು ಬಿದ್ದದ್ದೇಕೆ?

ನನ್ನ ಸೋದರಮಾವನ ಮೆಟ್ಟಿಲು ಕಡಿದಾಗಿರಲಿಲ್ಲ. ಟೇಪು ಹಿಡಿದು ಅಳೆದೆ. ನಡುವಿನ ಏರುಗಳೆಲ್ಲ ಏಳೂವರೆ ಅಂಗುಲ, ತಪ್ಪಿಲ್ಲ. ಮೊದಲನೆಯದು ಆರೂಕಾಲು. ಕೊನೆಯದು ಎಂಟೂವರೆ!

ಕಾರಣ ಹೀಗಿದೆ. ಕಾಂಕ್ರೀಟು ಹಾಕಿದಾಗ 16 ಏರುಗಳೂ ಸಮವಾಗಿಯೇ ಇದ್ದವು. ಆಮೇಲೆ ಕೆಳಗಿನ ಕೋಣೆಗೂ ಮೇಲಿನ ಕೋಣೆಗೂ ಗಾರೆ ಹಾಸಿ ಶಹಾಬಾದ್ ಫರಸಿ ಕೂಡಿಸಿದರು. ಎರಡೂ ನೆಲ ಐದು ಸೆಂಟಿಮೀಟರ್ ಎದ್ದವು. ಮೆಟ್ಟಿಲಿಗೆ ಹಾಕಿದ್ದು ಎರಡು ಸೆಂಟಿಮೀಟರ್ ಮಾತ್ರ. ಕೆಳಗೆ ನೆಲವೇ ಮೇಲೆ ಬಂದದ್ದರಿಂದ ಮೊದಲ ಏರು ಮೂರು ಸೆಂಟಿಮೀಟರ್ ಕುಗ್ಗಿತು. ಮೇಲೆ ನೆಲ ದೂರ ಸರಿದದ್ದರಿಂದ ಕೊನೆಯ ಏರು ಅಷ್ಟೇ ಹಿಗ್ಗಿತು. ಮೇಸ್ತ್ರಿಯ ಕೈಕೆಲಸದಲ್ಲಿ ದೋಷವಿರಲಿಲ್ಲ. ಎತ್ತರವನ್ನು ಅಳೆಯುವಾಗ ಕಾಂಕ್ರೀಟಿನಿಂದ ಕಾಂಕ್ರೀಟಿಗೆ ಅಳೆದಿದ್ದರು. ಫರಸಿಯಿಂದ ಫರಸಿಗೆ ಅಳೆಯಬೇಕಿತ್ತು.

ಮೂರು ಸೆಂಟಿಮೀಟರ್ ಅಷ್ಟು ಅಪಾಯವೆ? ಹೌದು. ಎರಡು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನಮ್ಮ ದೇಹ ಏರನ್ನು ಕಲಿತುಬಿಡುತ್ತದೆ. ಆಮೇಲೆ ಕಣ್ಣು ನೋಡುವುದಿಲ್ಲ. ಪಾದ ಮೆಟ್ಟಿಲಂಚನ್ನು ಸ್ವಲ್ಪದರಲ್ಲೇ ದಾಟುತ್ತಾ ಹೋಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 36ನೇ ಬೀದಿಯ ಸುರಂಗ ರೈಲು ನಿಲ್ದಾಣವಿದೆ. ಅಲ್ಲಿನ ಒಂದು ಮೆಟ್ಟಿಲು ಉಳಿದವುಗಳಿಗಿಂತ ಅಂಗುಲದ ಒಂದು ಭಾಗದಷ್ಟು ಮಾತ್ರ ಎತ್ತರವಾಗಿತ್ತು. 2012ರಲ್ಲಿ ಒಬ್ಬರು ಕ್ಯಾಮೆರಾ ಇಟ್ಟು ಚಿತ್ರಿಸಿದಾಗ, ಜನ ಒಬ್ಬರಾದ ಮೇಲೊಬ್ಬರು ಅದೇ ಮೆಟ್ಟಿಲಿಗೆ ಎಡವುವುದು ಕಂಡಿತು. ಚಿತ್ರ ಹರಡಿತು, ರೈಲು ಸಂಸ್ಥೆ ಮೆಟ್ಟಿಲನ್ನು ಸರಿಪಡಿಸಿತು. ಕ್ಯಾಮೆರಾ ಹಿಡಿಯುವ ವೃತ್ತಿಯವನಾದ ನನಗೆ ಅದು ಮರೆಯಲಾಗದ ಪಾಠ. ಎಡವಿದ ಪ್ರತಿಯೊಬ್ಬರೂ ತಮ್ಮನ್ನೇ ಬೈದುಕೊಂಡು ಮುಂದೆ ಹೋಗಿರುತ್ತಾರೆ. ತಪ್ಪು ಕಾಲಿನದಲ್ಲ, ಕಲ್ಲಿನದು ಎಂದು ತಿಳಿಯಲು ಎಲ್ಲರನ್ನೂ ಒಟ್ಟಿಗೆ ನೋಡಬೇಕಾಯಿತು.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಗಣಿಯ ಏಣಿಯಲ್ಲಿ ಕೋಲುಗಳ ಅಂತರ ಒಂದೇ ಸಮ. ಮೇಲಾಗಿ ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ಏಣಿಯನ್ನು ಹಿಡಿದಿರಬೇಕೆಂಬ ಶಿಸ್ತು ಅಲ್ಲಿದೆ. ಮನೆಯ ಮೆಟ್ಟಿಲಿಗೆ ಕೈಹಿಡಿಯನ್ನೇ ಹಾಕಿಸಿರಲಿಲ್ಲ, ಕೈಯಲ್ಲಿ ಕೊಡವಿತ್ತು, ಮಸುಕಾದ ಬೆಳಕು. ಅಪಾಯ ಗೊತ್ತಿದ್ದಲ್ಲಿ ನಾವು ಎಚ್ಚರವಾಗಿರುತ್ತೇವೆ. ನಂಬಿದ ಜಾಗದಲ್ಲಿ ಬೀಳುತ್ತೇವೆ.

ಆ ಮೆಟ್ಟಿಲನ್ನು ಒಡೆದು ಕಟ್ಟುವಷ್ಟು ಹಣವಿರಲಿಲ್ಲ. ಕಬ್ಬಿಣದ ಕೈಹಿಡಿ ಹಾಕಿಸಿದರು. ಮೊದಲ ಮತ್ತು ಕೊನೆಯ ಮೆಟ್ಟಿಲಂಚಿಗೆ ಹಳದಿ ಬಣ್ಣ ಬಳಿದರು. ಕೆಳಗೊಂದು ಮೇಲೊಂದು ಸ್ವಿಚ್ ಇರುವ ದೀಪ ಹಾಕಿಸಿದರು. ಎರಡು ಸ್ವಿಚ್ಚುಗಳಿಂದ ಒಂದೇ ದೀಪ ಹೊತ್ತಿಸುವ ಆ ಸರ್ಕಿಟ್ಟನ್ನು ವಿಜ್ಞಾನದ ವಿದ್ಯಾರ್ಥಿಗಳು ಬರೆದು ನೋಡಬಹುದು. ಕೈ ಕೂಡಿಕೊಂಡಿದೆ, ಆದರೆ ಕೊಡ ಎತ್ತುವಾಗ ಇನ್ನೂ ನೋಯುತ್ತದಂತೆ. ಅವರು ಈಗಲೂ ಆ ಕೊನೆಯ ಮೆಟ್ಟಿಲಿನ ಮುಂದೆ ಒಂದು ಕ್ಷಣ ನಿಂತು ಹತ್ತುತ್ತಾರೆ.

ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ. ಬಹಳ ಮಂದಿ ಎಂದಾದರೊಂದು ದಿನ ಸಣ್ಣದೋ ದೊಡ್ಡದೋ ಒಂದು ಮನೆ ಕಟ್ಟಿಸುತ್ತೀರಿ. ಅದಕ್ಕೆ ಮೊದಲು ಇಂದೇ ಒಂದು ಕೆಲಸ ಮಾಡಿ. ಒಂದು ಅಳತೆಪಟ್ಟಿ ತೆಗೆದುಕೊಂಡು ನಿಮ್ಮ ಮನೆಯ ಅಥವಾ ಶಾಲೆಯ ಮೆಟ್ಟಿಲುಗಳ ಏರು ಮತ್ತು ಹಾಸನ್ನು ಒಂದೊಂದಾಗಿ ಅಳೆದು ಬರೆದುಕೊಳ್ಳಿ. ಎಲ್ಲವೂ ಸಮವೆ? ಏರಿನ ಎರಡರಷ್ಟಕ್ಕೆ ಹಾಸು ಕೂಡಿದರೆ ಎಷ್ಟು ಬರುತ್ತದೆ? ಮೊದಲನೆಯದನ್ನೂ ಕೊನೆಯದನ್ನೂ ಮರೆಯದೆ ಅಳೆಯಿರಿ. ಒಂದು ಮೆಟ್ಟಿಲು ಬೇರೆಯಾಗಿ ಕಂಡರೆ ಮನೆಯ ಹಿರಿಯರಿಗೆ ತೋರಿಸಿ, ಅದರ ಅಂಚಿಗೆ ಬಣ್ಣ ಬಳಿಯಿರಿ. ಯಾರೋ ಒಬ್ಬರ ಮುಂಗೈಯನ್ನು ನೀವು ಉಳಿಸಿದಂತಾಗುತ್ತದೆ.